ಬ್ಯಾಂಡ್ ಶಾಶ್ವತ ಮಾನ್ಯತಾ ಸಮಿತಿ, ಬೆಟಗೇರಿ

ಬೆಟಗೇರಿ ಬಸ್ ಸ್ಟ್ಯಾಂಡಿನಿಂದ ನೇಕಾರರ ಓಣಿಗೆ ಹೊರಳುವ ಮೂಲೆಯಲ್ಲಿ ದೇವೇಂದ್ರಪ್ಪ ಹರ್ತಿಯ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ನೀರಿನ ಮೋಟಾರು, ತಿರುಗದ ಪಂಖಾ, ತಿರುಗಿದರೂ ಗಾಳಿ ಕೊಡದ ಪಂಖಾ, ಇವನ್ನೆಲ್ಲ ಬಿಚ್ಚಿ, ತಾಮ್ರದ ತಂತಿ ಸುತ್ತಿ, ಮತ್ತೆ ಜೀವ ತುಂಬುವುದು ಅವನ ಮೂವತ್ತು ವರ್ಷದ ಕಸುಬು. ಈಗ ಐವತ್ತೇಳರ ವಯಸ್ಸು. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಮಾತು ಕಡಿಮೆ. ಇಂಥವನು ಪಂಕ್ ಸಂಗೀತದ ಪರಮ ಭಕ್ತನೆಂದರೆ ಗದಗ-ಬೆಟಗೇರಿ ಅವಳಿ ನಗರದಲ್ಲಿ ಯಾರೂ ನಂಬುತ್ತಿರಲಿಲ್ಲ. ಪಂಕ್ ಸಂಗೀತವೆಂದರೆ ಏನೆಂಬುದೇ ಅವಳಿ ನಗರಕ್ಕೆ ಗೊತ್ತಿರಲಿಲ್ಲ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ದೇವೇಂದ್ರಪ್ಪ ಕೆಲಸ ಕಲಿಯಲು ಪುಣೆಗೆ ಹೋಗಿದ್ದ. ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಗೋವೆಯವನು ದಿನವಿಡೀ ಕ್ಯಾಸೆಟ್ ಹಾಕುತ್ತಿದ್ದ. ಗಿಟಾರನ್ನು ಬಾರಿಸುತ್ತಿದ್ದಾರೋ ಕೊಯ್ಯುತ್ತಿದ್ದಾರೋ ತಿಳಿಯದು. ಹಾಡುವವನು ಹಾಡುವುದಿಲ್ಲ, ಜಗಳಾಡುತ್ತಾನೆ. ಎರಡೂವರೆ ನಿಮಿಷಕ್ಕೆ ಜಗಳ ಮುಗಿದು ಇನ್ನೊಂದು ಜಗಳ ಶುರು. ದೇವೇಂದ್ರಪ್ಪನಿಗೆ ಒಂದು ಪದವೂ ತಿಳಿಯಲಿಲ್ಲ. ಆದರೆ ಬೈಗುಳಕ್ಕೆ ಅರ್ಥ ಹೇಳುವವರು ಬೇಕಾಗುವುದಿಲ್ಲ. ಜನ್ಮದಲ್ಲಿ ಯಾರಿಗೂ ಏರುದನಿಯಲ್ಲಿ ಮಾತಾಡದ ಅವನ ಪರವಾಗಿ ಯಾರೋ ದೂರದ ದೇಶದಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಾರೆ ಎನ್ನಿಸಿ ಕಣ್ಣು ತುಂಬಿ ಬಂದವು. ಊರಿಗೆ ಮರಳುವಾಗ ತಂತಿಯ ಸುರುಳಿಗಳ ಕೆಳಗೆ ಹನ್ನೊಂದು ಕ್ಯಾಸೆಟ್ ಇಟ್ಟುಕೊಂಡು ಬಂದ.

ಮದುವೆಯಾದ ಹೊಸದರಲ್ಲಿ ಹೆಂಡತಿ ಶಾರದವ್ವ ಅವನ್ನು ಕೇಳಿ ಟೇಪ್ ರೆಕಾರ್ಡರ್ ಕೆಟ್ಟಿದೆ ಎಂದುಕೊಂಡಳು. "ಊರ ಮಂದಿ ಮಷೀನೆಲ್ಲಾ ರಿಪೇರಿ ಮಾಡ್ತೀರಿ, ಮನ್ಯಾಗಿಂದೂ ಒಂದೀಟು ನೋಡ್ರಿ" ಎಂದಳು. ಅಂದಿನಿಂದ ಅವನ ಭಕ್ತಿ ಗುಪ್ತ ಭಕ್ತಿಯಾಯಿತು.

ಹೋದ ವರ್ಷ ಶಿರಹಟ್ಟಿಯಲ್ಲಿ ಶಿಕ್ಷಕಿಯಾಗಿರುವ, ಈ ಗುಟ್ಟು ಬಲ್ಲ ಮಗಳು ಶೀತಲ್ ಅಪ್ಪನನ್ನು ಫೋನಿನಲ್ಲಿ ಪಂಕ್ ಪ್ರೇಮಿಗಳ ಒಂದು ಗ್ರೂಪಿಗೆ ಸೇರಿಸಿದಳು. ಮುನ್ನೂರ ನಲವತ್ತು ಜನ. ನಡೆಸುವವಳು ಪುಣೆಯಲ್ಲಿ ನೆಲೆಸಿದ ವನಿತಾ ಎಂಬ ಧಾರವಾಡದ ಹೆಣ್ಣುಮಗಳು. ನೂರು ವರ್ಷ ಕಳೆದರೂ ಉಳಿಯಬೇಕಾದ ಹತ್ತು ಪಂಕ್ ಬ್ಯಾಂಡುಗಳು ಯಾವುವು ಎಂಬ ಒಂದೇ ಪ್ರಶ್ನೆಯ ಮೇಲೆ ಅಲ್ಲಿ ಏಳು ತಿಂಗಳಿಂದ ಯುದ್ಧ ನಡೆದಿತ್ತು. ಹನ್ನೆರಡು ಆಲ್ಬಂ ತಂದು, ಬಂಗಲೆ ಕಟ್ಟಿದ 'ನೋ ಚೇಂಜ್' ದೊಡ್ಡದೆಂದು ಅರ್ಧ ಜನ. ಹತ್ತೊಂಬತ್ತು ನಿಮಿಷದ ಒಂದೇ ಕ್ಯಾಸೆಟ್ ಬಿಟ್ಟು ಕಣ್ಮರೆಯಾದ 'ಬ್ರೋಕನ್ ಲಿಫ್ಟ್ಸ್' ದೊಡ್ಡದೆಂದು ದೇವೇಂದ್ರಪ್ಪ ಒಬ್ಬನೇ. ಕಣ್ಣಿಗೆ ಚಾಳೀಸು ಏರಿಸಿ, ಒಂದೇ ಬೆರಳಿನಿಂದ, ಎರಡು ದಿನ ಬರೆದು ಹಾಕಿದ. "ಬ್ಯಾಂಡು ಯಾರ ಅಪ್ಪಣೆಯನ್ನೂ ಕೇಳಬಾರದು. ಹೇಳುವುದಿದ್ದರೆ ಬಾಯಿ ತೆರೆಯಬೇಕು, ಹೇಳಿಯಾದ ಮೇಲೆ ಮುಚ್ಚಬೇಕು. ಕೇಳಿದವನಿಗೆ ನಾನೂ ಬದುಕಬಲ್ಲೆ ಎನ್ನಿಸಬೇಕು. ಬಂಗಲೆ ಕಟ್ಟಿದವರಿಗೆ ಬಂಗಲೆಯೇ ಮಾನ್ಯತೆ."

ಈ ಮಾತು ಗ್ರೂಪಿಗೆ ಹಿಡಿಸಿತು. ಹೆಸರುಗಳನ್ನು ಅಂತಿಮಗೊಳಿಸಲು ಐದು ಜನರ ಸಮಿತಿ ಆಗಬೇಕೆಂದಾಗ ಮುನ್ನೂರ ನಲವತ್ತರಲ್ಲಿ ಇನ್ನೂರ ಹನ್ನೊಂದು ಮತ ದೇವೇಂದ್ರಪ್ಪನಿಗೆ ಬಿದ್ದವು. ವನಿತಾ ಬಣ್ಣದ ಅಂಚಿನ ಪ್ರಮಾಣಪತ್ರ ಮಾಡಿ ಕಳಿಸಿದಳು.

ಇಲ್ಲಿಗೆ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಮನುಷ್ಯನಿಗೆ ಮೂವತ್ತೈದು ವರ್ಷ ಬಚ್ಚಿಟ್ಟ ಭಕ್ತಿಗೆ ಒಂದು ಬೋರ್ಡಾದರೂ ಬೇಕು ಅನ್ನಿಸುತ್ತದೆ. ದೇವೇಂದ್ರಪ್ಪ ಪೇಂಟರ್ ಕನಕರಾಜನನ್ನು ಕರೆದು, 'ದೇವೇಂದ್ರಪ್ಪ ಹರ್ತಿ, ಸದಸ್ಯರು, ಪಂಕ್ ಬ್ಯಾಂಡ್ ಶಾಶ್ವತ ಮಾನ್ಯತಾ ಸಮಿತಿ' ಎಂದು ಚೀಟಿ ಬರೆದುಕೊಟ್ಟು, ಅಸುಂಡಿಯ ಒಂದು ಬೋರ್‌ವೆಲ್ ಮೋಟಾರು ನೋಡಲು ಹೋದ. ಸಂಜೆ ಬಂದಾಗ ಅಂಗಡಿಯ ಬಾಗಿಲ ಮೇಲೆ ಕೆಂಪು ನೆಲದಲ್ಲಿ ಹಳದಿ ಅಕ್ಷರ ಹೊಳೆಯುತ್ತಿದ್ದವು. ಪಂಕ್ ಎಂಬುದು ಇರಲಿಲ್ಲ.

"ಮ್ಯಾಲೆ ದೊಡ್ಡಕ್ಷರದಾಗ 'ಪಂಖಾ ಮತ್ತು ಮೋಟಾರ್' ಅಂತ ಐತಲ್ರಿ" ಎಂದ ಕನಕರಾಜ. "ಮತ್ತ ಕೆಳಗ ಪಂಖಾ ಯಾಕಂತ ಬಿಟ್ಟೆ. ನೀವು ಕಾಗುಣಿತಾನೂ ತಪ್ಪ ಬರದಿದ್ರಿ. ಜಾಗಾ ಉಳೀತು, ಅದಕ್ಕ ಗದಗ ಜಿಲ್ಲಾ ಅಂತ ಹಾಕೀನಿ. ಒಂದು ತೂಕ ಬರ್ತೈತಿ."

'ಗದಗ ಜಿಲ್ಲಾ ಬ್ಯಾಂಡ್ ಶಾಶ್ವತ ಮಾನ್ಯತಾ ಸಮಿತಿ.' ದೇವೇಂದ್ರಪ್ಪ ತಿದ್ದಿಸಬೇಕೆಂದು ಬಾಯಿ ತೆರೆದ. ಆದರೆ ಆ ತೂಕ ಅವನಿಗೂ ಹಿಡಿಸಿತು. ಬಾಯಿ ಮುಚ್ಚಿದ. ಮುಂದಿನದಕ್ಕೆಲ್ಲ ಆ ಮುಚ್ಚಿದ ಬಾಯಿಯೇ ಕಾರಣ.

ಬಸವ ಜಯಂತಿಯ ಆಚೀಚೆ ಮದುವೆಗಳ ಸುಗ್ಗಿ. ಬೋರ್ಡು ಏರಿದ ಮೂರನೆಯ ದಿನ ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ಸಿಳಿದು ಒಬ್ಬ ಮುದುಕ ಅಂಗಡಿಗೆ ಬಂದ. ಎತ್ತರದ ಆಳು, ಬಿಳಿ ಗಡ್ಡ, ಬಗಲಲ್ಲಿ ಅರಿವೆ ಸುತ್ತಿದ ಕ್ಲಾರಿಯೋನೆಟ್. 'ರೋಶನ್ ಬ್ರಾಸ್ ಬ್ಯಾಂಡ್' ನಡೆಸುವ ಲಾಡಸಾಬ. ಐವತ್ತು ವರ್ಷದಿಂದ ನಾಲ್ಕು ತಾಲೂಕಿನ ಮದುಮಕ್ಕಳನ್ನು ಬಾರಿಸಿಕೊಂಡು ಒಯ್ದವನು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಹಳೆಯ ಫೋಟೋಗಳು, ಆಧಾರ್ ಕಾರ್ಡಿನ ಝೆರಾಕ್ಸು.

"ಮಾನ್ಯತಾ ಇಲ್ಲೇ ಕೊಡ್ತೀರಂತಲ್ರಿ?"

"ಅದು ಬ್ಯಾರೆ ಬ್ಯಾಂಡಿಂದು ಚಾಚಾ. ಪಂಕ್ ಬ್ಯಾಂಡ್."

"ಹ್ಯಾಂಗಿರ್ತಾವ್ರಿ ಅವು?"

ಜೀವನದಲ್ಲಿ ಮೊದಲ ಸಲ ಯಾರೋ ಅವನನ್ನು ಈ ಪ್ರಶ್ನೆ ಕೇಳಿದ್ದರು. ದೇವೇಂದ್ರಪ್ಪನಿಗೆ ತಡೆಯಲಾಗಲಿಲ್ಲ. ಸ್ಟೂಲು ಎಳೆದು ಕೂರಿಸಿ, ಚಹಾ ತರಿಸಿ ಹೇಳಿದ. "ನಾಕೇ ಮಂದಿ ಇರ್ತಾರ್ರಿ. ಭಾಳ ಕಲತವರಲ್ಲ. ಸುರ ಒಂದೀಟು ತಪ್ಪಿದ್ರೂ ನಡೀತೈತಿ, ಜೋರ್ ಮಾತ್ರ ಇರಬೇಕು. ಅಂಗಿ ಹರದಿರ್ತಾವು. ದೊಡ್ಡ ಮಂದಿ ಅವರನ್ನ ಒಳಗ ಬಿಟ್ಕೊಳ್ಳಂಗಿಲ್ಲ."

ಲಾಡಸಾಬ ಗಂಭೀರವಾಗಿ ತಲೆದೂಗಿದ. "ಹನ್ನೆರಡು ಮಂದಿ ಇದ್ವಿ, ಡಿಜೆ ಬಂದ ಮ್ಯಾಲೆ ನಾಕೇ ಮಂದಿ ಉಳದೀವಿ. ಸುರ ತಪ್ತಾವು, ಯಾಕಂದ್ರ ರಸೂಲನ ಮುಂದಿನ ಹಲ್ಲು ಬಿದ್ದಾವು, ತುತ್ತೂರಿ ನಿಲ್ಲವಲ್ದು. ಅಂಗಿ ನೀವ ನೋಡಾಕತ್ತೀರಿ. ಊಟಕ್ಕ ಹೊರಗ ಕುಂದರಸ್ತಾರ. ಎಲ್ಲಾ ಬರೋಬ್ಬರಿ ಐತಲ್ರಿ. ಅರ್ಜಿ ಎಲ್ಲಿ ಕೊಡ್ಲಿ?"

ದೇವೇಂದ್ರಪ್ಪ ಕೈ ಒರೆಸಿಕೊಂಡು ಅರ್ಜಿ ಇಸಿದುಕೊಂಡ.

ಅರ್ಜಿ ಇಸಿದುಕೊಂಡರೆಂಬ ಸುದ್ದಿ ಅಂದೇ ಮಧ್ಯಾಹ್ನ ಲಕ್ಷ್ಮೇಶ್ವರ ಮುಟ್ಟಿತು, ಸಂಜೆ ಮುಂಡರಗಿ ಮುಟ್ಟಿತು. ಮರುದಿನ ಮುಂಡರಗಿಯ 'ವಿಜಯದುಂದುಭಿ ಬ್ಯಾಂಡ್' ಹದಿನಾಲ್ಕು ಜನರೊಂದಿಗೆ, ಕೆಂಪು ಕೋಟು ತೊಟ್ಟು, ಅಂಗಡಿಯ ಮುಂದೆ ನಿಂತು ಪರೀಕ್ಷೆ ಕೊಟ್ಟೇಬಿಟ್ಟಿತು. ಎದುರಿನ ದವಾಖಾನೆಯ ಕಂಪೌಂಡರ್ ಹೊರಗೆ ಬಂದು ಕೈ ಮುಗಿದ. ಶಿರಹಟ್ಟಿಯವರು ಬೆಲ್ಲದ ಪೆಂಟೆಯೊಂದಿಗೆ ಬಂದರು. ಶಾರದವ್ವ ಬಂದವರಿಗೆಲ್ಲ ಚಹಾ ಕಾಸಿ ಕಾಸಿ, ನಾಲ್ಕನೆಯ ದಿನ ಪಾತೇಲಿಯನ್ನು ಗಂಡನ ಮುಂದೆ ಇಟ್ಟು, "ಖರೆ ಹೇಳ್ರಿ, ಇವರಿಗೆ ಏನ ಕೊಡ್ತೀನಿ ಅಂದೀರಿ?" ಎಂದು ಕೇಳಿದಳು.

"ಏನೂ ಅಂದಿಲ್ಲ."

"ಏನೂ ಅನ್ನದಽ ಇಷ್ಟು ಮಂದಿ ಬಂದ್ರ, ಏನರ ಅಂದಿದ್ರ ಹ್ಯಾಂಗಿರ್ತಿತ್ತು!"

ಕಡಿಮೆಯಾದದ್ದನ್ನು ತುಂಬಿಕೊಡಲು ಡಂಬಳದಿಂದ ಶಾರದವ್ವನ ತಮ್ಮ ಅಂದಪ್ಪ ಬಂದ. ಬೀಜ ಗೊಬ್ಬರದ ಏಜೆಂಟ್. ಹೋದಲ್ಲೆಲ್ಲ ಮಾತು ಬಿತ್ತುವುದು ಅವನ ಸ್ವಭಾವ. ಬೋರ್ಡನ್ನು ಮೂರು ಸಲ ಓದಿ, ತಾನು ಮಾಮಾ ಎಂದು ಕರೆಯುವ ಭಾವನ ಕಾಲಿಗೆ ಬಿದ್ದು, ಡಂಬಳಕ್ಕೆ ಮರಳುವ ದಾರಿಯ ಪ್ರತಿ ಚಹಾದಂಗಡಿಯಲ್ಲಿಯೂ ಗಾಡಿ ನಿಲ್ಲಿಸಿದ. "ಇನ್ನ ಮುಂದ ನಮ್ಮ ಮಾಮಾನ ಸಹಿ ಇಲ್ಲದ ಬ್ಯಾಂಡು ಮದುವ್ಯಾಗ ಬಾರಸಂಗಿಲ್ಲ. ಬಾರಿಸಿದ್ರ ಮದುವಿನಽ ರದ್ದು" ಎಂದು ಸಾರಿದ.

ಮದುವೆ ರದ್ದು ಎಂಬ ಮಾತು ಸಣ್ಣದಲ್ಲ. ಹೆಣ್ಣು ಹೆತ್ತವರು ಗಾಬರಿಯಾದರು. ಒಂದು ವಾರದಲ್ಲಿ ಒಂಬತ್ತು ಮನೆಯವರು ತಾವು ಹೇಳಿದ್ದ ಬ್ಯಾಂಡುಗಳಿಗೆ 'ಮಾನ್ಯತೆ ತಂದು ತೋರಿಸಿ, ಇಲ್ಲವೇ ಬರಬೇಡಿ' ಎಂದರು. ಅದರಲ್ಲಿ ಲಾಡಸಾಬನ ಎರಡು ಮದುವೆಗಳೂ ಇದ್ದವು. ಈ ಹಂಗಾಮಿಗೆ ಅವನಿಗೆ ಇದ್ದದ್ದೂ ಎರಡೇ.

ಇದು ತಿಳಿದ ದಿನ ದೇವೇಂದ್ರಪ್ಪನಿಗೆ ಅನ್ನ ಸೇರಲಿಲ್ಲ. ಜೀವಮಾನವೆಲ್ಲ ಅಪ್ಪಣೆ ಕೇಳದ ಬ್ಯಾಂಡುಗಳನ್ನು ಪೂಜಿಸಿದವನು ಈಗ ತಾನೇ ಅಪ್ಪಣೆ ಕೊಡುವ ಕಚೇರಿಯಾಗಿ ಕುಳಿತಿದ್ದ.

ಮರುದಿನ ನಿಜವಾದ ಕಚೇರಿಯೇ ಬಂತು. ಯಾರೋ ದೂರು ಕೊಟ್ಟಿದ್ದರಂತೆ. ಬಗಲಲ್ಲಿ ಫೈಲು ಹಿಡಿದ ಒಬ್ಬ ಸಾಹೇಬರು ಬಂದು, ಸುಟ್ಟ ಮೋಟಾರಿನ ಮೇಲೆ ಕರವಸ್ತ್ರ ಹಾಸಿ ಕುಳಿತರು.

"ಈ ಸಮಿತಿ ಯಾವ ಆದೇಶದ ಪ್ರಕಾರ ರಚನೆ ಆಗೇತ್ರಿ?"

ಸುಳ್ಳು ಹೇಳಬಾರದೆಂದು ದೇವೇಂದ್ರಪ್ಪ ನಿಶ್ಚಯಿಸಿದ್ದ. "ಆದೇಶ ಇಲ್ರಿ. ಮತದಾನ ಆತ್ರಿ."

ಸಾಹೇಬರ ಪೆನ್ನು ನಿಂತಿತು. "ಮತದಾನ?"

"ಮುನ್ನೂರಾ ನಲವತ್ತರಾಗ ಇನ್ನೂರಾ ಹನ್ನೊಂದು ನನಗ ಬಿದ್ವರಿ."

"ಅಂದ್ರ ತಾವು ಚುನಾಯಿತರು!" ಸಾಹೇಬರು ಕರವಸ್ತ್ರ ಸರಿಮಾಡಿಕೊಂಡು ನೆಟ್ಟಗೆ ಕುಳಿತರು. "ಅಧ್ಯಕ್ಷರು ಎಲ್ಲಿರ್ತಾರ್ರಿ?"

"ಪುಣೆದಾಗ."

"ಅಂತರರಾಜ್ಯ" ಎಂದು ಬರೆದುಕೊಂಡರು. "ಸದಸ್ಯರು?"

"ಒಬ್ಬಾಂವ ಗೋವಾದಾಗ. ಇಬ್ಬರು ಎಲ್ಲಿರ್ತಾರ ನನಗೂ ಗೊತ್ತಿಲ್ರಿ. ನಾ ಯಾರನ್ನೂ ಕಣ್ಣೀಲೆ ಕಂಡಿಲ್ಲ. ಸಾಹೇಬ್ರ, ಖರೆ ಅಂದ್ರ ಇದು ಬರೇ ಹುಚ್ಚು."

"ತಾವು ಭಾಳ ವಿನಯ ಮಾಡ್ತೀರಿ" ಎಂದು ಸಾಹೇಬರು ಎದ್ದರು. ತಮಗೆ ತಿಳಿಸದೆ ಮೇಲಿನವರು ಏನೋ ಮಾಡಿದ್ದಾರೆಂಬ ನೋವು ಅವರ ಮುಖದಲ್ಲಿ ಕಾಣುತ್ತಿತ್ತು. "ನಮ್ಮ ಕಚೇರಿಗೂ ಮಾನ್ಯತಾ ಪಟ್ಟೀದು ಒಂದು ಪ್ರತಿ ಕಳಸ್ರಿ. ಎಲ್ಲಾ ಬ್ಯಾಂಡಿನವರನ್ನ ಕರದು ಒಂದು ಬಹಿರಂಗ ಸಭೆ ಮಾಡ್ರಿ. ನಾಳೆ ಯಾರೂ ಒಂದು ಮಾತು ಅನಬಾರದು."

ದೇವೇಂದ್ರಪ್ಪ ಸಭೆ ಕರೆದ, ಆದರೆ ನಿಜ ಹೇಳಿ ಮುಗಿಸಲು. ಬರುವ ಭಾನುವಾರ, ನೇಕಾರರ ಓಣಿಯ ಸಮುದಾಯ ಭವನದಲ್ಲಿ. ಶನಿವಾರವೆಲ್ಲ ಕುಳಿತು ಐದು ಹಾಳೆ ಭಾಷಣ ಬರೆದ. ಶಾರದವ್ವ ಇಣುಕಿ ನೋಡಿದಳು. "ಖರೆ ಹೇಳಾಕ ಇಷ್ಟುದ್ದ ಬರೀಬೇಕೇನ್ರಿ?" ಎಂದಳು. ಅವನು ನಾಲ್ಕು ಹಾಳೆ ಹರಿದ.

ಭಾನುವಾರ ಹನ್ನೊಂದು ಬ್ಯಾಂಡು ನೆರೆದವು. ಕೆಂಪು ಕೋಟು, ನೀಲಿ ಕೋಟು, ಭುಜದ ಮೇಲೆ ಬಂಗಾರದ ಬಣ್ಣದ ಜಾಲರು. ದೇವೇಂದ್ರಪ್ಪ ಬೇಡ ಬೇಡ ಎನ್ನುತ್ತಿದ್ದಂತೆ ಮೊಣಕಾಲಿನವರೆಗೆ ಇಳಿಯುವ ಚೆಂಡು ಹೂವಿನ ಮಾಲೆ ಹಾಕಿ, ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಅವನು ಎದ್ದು ನಿಂತ. ಉಳಿದ ಒಂದು ಹಾಳೆ ಬಿಚ್ಚಿದ.

"ನನ್ನ ಕಡೆ ಏನೂ ಇಲ್ರೀಪಾ" ಎಂದ. "ಸರಕಾರ ಇಲ್ಲ, ಸಹಿ ಇಲ್ಲ, ಶಿಕ್ಕಾ ಇಲ್ಲ. ನನಗ ಒಂದು ಥರದ ಪರದೇಶಿ ಹಾಡಿನ ಹುಚ್ಚೈತಿ. ಅಂಥಾ ಹುಚ್ಚು ಇದ್ದಾವರು ಫೋನಿನ್ಯಾಗ ಒಂದು ಸಮಿತಿ ಮಾಡ್ಕೊಂಡೀವಿ. ಬೋರ್ಡಿನ್ಯಾಗ ಒಂದು ಶಬ್ದ ಬಿಟ್ಟು ಹೋತು. ಕಂಡೂ ನಾ ಸುಮ್ನ ಕುಂತೆ, ಅದು ನನ್ನ ತಪ್ಪು. ಯಾರ್ಯಾರ ಮನ್ಯಾಗ ನಿಮ್ಮನ್ನ ಬ್ಯಾಡ ಅಂದಾರ, ಆ ಮನಿಗೆ ನಾನಽ ಹೋಗಿ ಕೈ ಮುಗೀತೀನಿ."

ಹಿಂದಿನ ಸಾಲಿನಲ್ಲಿದ್ದ ಅಂದಪ್ಪ ಮೆಲ್ಲಗೆ ಎದ್ದು ಗಾಡಿ ಹತ್ತಿ ಹೋದ. ಮುಂಡರಗಿಯ ಮುಖ್ಯಸ್ಥ ಡೋಲಿನ ಬಡಿಗೆ ಹಿಡಿದೇ ಮೇಲೆದ್ದ. "ಹಂಗಾರ ನಾವು ಕೋಟಿಗೆ ಇಸ್ತ್ರಿ ಮಾಡಿಸಿದ್ದು ಯಾಕ್ರಿ?"

ಆಗ ಲಾಡಸಾಬ ನಿಧಾನಕ್ಕೆ ಎದ್ದು ನಿಂತ.

"ಸರಕಾರದ್ದಲ್ಲ ಅಂತ ನನಗ ಮೊದಲನೇ ದಿನಾನ ಗೊತ್ತಾತು" ಎಂದ. "ಸರಕಾರದವರು ಕುಂದರ್ರಿ ಅನ್ನಂಗಿಲ್ಲ, ಚಹಾನೂ ಕೊಡಂಗಿಲ್ಲ."

"ಮತ್ತ ಯಾಕ ಬಂದಿ ಚಾಚಾ?" ಎಂದ ಮುಂಡರಗಿಯವನು.

"ಐವತ್ತು ವರ್ಷ ಬಾರಿಸೀನಿ. ನಮ್ಮನ್ನ ಕೇಳಿದವರೆಲ್ಲಾ ನಡಕೋಂತ ಕೇಳ್ಯಾರ, ಕುಣಕೋಂತ ಕೇಳ್ಯಾರ, ಜಗಳಾಡಕೋಂತ ಕೇಳ್ಯಾರ. ಒಬ್ಬರೂ ಕುಂತು ಕೇಳಿಲ್ಲ. ಈ ಮನಷ್ಯಾ ಬ್ಯಾಂಡಿನ ಬಗ್ಗೆ ಅಷ್ಟೊತ್ತು ಮಾತಾಡಿದ. ಇಂವ ಕುಂತು ಕೇಳ್ತಾನ ಅನಿಸ್ತು." ದೇವೇಂದ್ರಪ್ಪನ ಕಡೆ ತಿರುಗಿದ. "ಮಾನ್ಯತಾ ಬ್ಯಾಡ್ರಿ. ಒಂದಽ ಸರ್ತಿ ಕುಂತು ಕೇಳ್ರಿ. ಪೂರಾ ಮುಗಿಯೂ ಮಟ."

ದೇವೇಂದ್ರಪ್ಪ ಕುಳಿತ.

ರೋಶನ್ ಬ್ಯಾಂಡಿನ ನಾಲ್ವರೂ ನಿಂತು ಶುರು ಮಾಡಿದರು. ಆದರೆ ನಿಂತು ಬಾರಿಸಿ ಅವರಿಗೆ ರೂಢಿಯಿರಲಿಲ್ಲ. ಅರ್ಧ ನಿಮಿಷದಲ್ಲಿ ಕಾಲುಗಳು ತಮ್ಮಷ್ಟಕ್ಕೆ ಎದ್ದವು. ಒಂದು ನಿಮಿಷದಲ್ಲಿ ಬ್ಯಾಂಡು ಬಾಗಿಲು ದಾಟಿತು. ದೇವೇಂದ್ರಪ್ಪ ಹಿಂಬಾಲಿಸಲು ಎದ್ದ. ಲಾಡಸಾಬ ಕ್ಲಾರಿಯೋನೆಟ್ ಬಾಯಿಂದ ತೆಗೆದು, "ಏಳಬ್ಯಾಡ್ರಿ! ಕುಂತು ಕೇಳಬೇಕಂತ ಮಾತಾಗೇತಿ!" ಎಂದು ಕೂಗಿ ಮತ್ತೆ ಬಾಯಿಗಿಟ್ಟ. ಇಸ್ತ್ರಿ ಮಾಡಿದ ಕೋಟಿಗೆ ಏನಾದರೂ ಕೆಲಸ ಬೇಕಿದ್ದ ಮುಂಡರಗಿಯ ನಾಲ್ವರು ಒಂದು ಕ್ಷಣ ಯೋಚಿಸಿ, ಕುರ್ಚಿಯನ್ನೇ ದೇವೇಂದ್ರಪ್ಪನ ಸಮೇತ ಹೆಗಲಿಗೇರಿಸಿದರು. ಉಳಿದ ಹತ್ತು ಬ್ಯಾಂಡುಗಳು ತಮ್ಮ ವಾದ್ಯ ಕಂಕುಳಲ್ಲಿಟ್ಟು ಮೌನವಾಗಿ ಹಿಂದೆ ನಡೆದವು.

ದೇವೇಂದ್ರಪ್ಪ ಬೀಳುವ ಹೆದರಿಕೆಗೆ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿಗೆ ಕಿವಿ ತೆರೆಯಿತು. ಹಲ್ಲಿಲ್ಲದ ರಸೂಲನ ತುತ್ತೂರಿ ಅರ್ಧ ಸುರ ಸೋರುತ್ತಿತ್ತು. ಡೋಲಿನ ಚರ್ಮ ಒಂದು ಕಡೆ ಹರಿದಿತ್ತು. ನಾಲ್ವರೂ ಹನ್ನೆರಡು ಜನರ ಸದ್ದು ಮಾಡಲು ಹೊರಟು ಎದೆ ಒಡೆಯುವಂತೆ ಊದುತ್ತಿದ್ದರು. ಅದು ಯಾವುದೋ ಹಳೆಯ ಮದುವೆಯ ಹಾಡು. ಆದರೆ ಅದರೊಳಗೆ ಹೊರಗೆ ಕುಳಿತು ಉಂಡ ಐವತ್ತು ವರ್ಷದ ಊಟಗಳಿದ್ದವು. ಪುಣೆಯ ಆ ಮೇಜಿನ ಮುಂದೆ ಎದೆಗೆ ಬಡಿದದ್ದು ಮತ್ತೊಮ್ಮೆ ಬಡಿಯಿತು. ಈ ಸಲ ಪದಗಳೇ ಇರಲಿಲ್ಲ, ಎಲ್ಲವೂ ತಿಳಿಯಿತು.

ಇತ್ತ ಬೀದಿಗೆ ಬೇರೆಯೇ ತಿಳಿಯಿತು. ಈ ಸೀಮೆಯಲ್ಲಿ ಅವನ ಸಮಾಜದವರು ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಮಾಲೆ ಹಾಕಿ, ಕೂರಿಸಿಕೊಂಡೇ ಒಯ್ಯುತ್ತಾರೆ. ಹಿರಿಯರಾದರೆ ಮುಂದೆ ಬ್ಯಾಂಡು ಇರುತ್ತದೆ. ವಿಭೂತಿ, ಮಾಲೆ, ಮುಚ್ಚಿದ ಕಣ್ಣು, ಹಿಂದೆ ತಲೆ ತಗ್ಗಿಸಿದ ನೂರು ಜನ, ಯಾವುದಕ್ಕೂ ಕಡಿಮೆಯಿರಲಿಲ್ಲ.

"ಅಯ್ಯ ಶಿವನ, ದೇವೇಂದ್ರಪ್ಪ ಹೋದ್ನಾ!" ಎಂದು ಕಿರಾಣಿ ಅಂಗಡಿಯವನು ಅರ್ಧ ಬಾಗಿಲು ಎಳೆದ. ಪೊಲೀಸಪ್ಪ ಕೈ ಅಡ್ಡ ಹಿಡಿದು ಮುಂಡರಗಿ ಬಸ್ಸನ್ನು ನಿಲ್ಲಿಸಿದ. ಕಿಟಕಿಗಳಿಂದ ಕೈಗಳು ಮುಗಿದವು. ದಾರಿಯಲ್ಲಿ ಬೈಕು ನಿಲ್ಲಿಸಿದ ಕಚೇರಿಯ ಸಾಹೇಬರು ಹೆಲ್ಮೆಟ್ ತೆಗೆದು, "ಚುನಾಯಿತ ಪ್ರತಿನಿಧಿ. ಭಾಳ ವಿನಯದ ಮನಷ್ಯಾ" ಎಂದು ಪಕ್ಕದವರಿಗೆ ಹೇಳಿದರು. "ಮೊನ್ನೆ ನಮ್ಮ ಪಂಖಾ ಕೊಟ್ಟೀವಲ್ಲ, ಅದರ ಗತಿ ಏನು?" ಎಂದು ಒಬ್ಬ ಹೆಣ್ಣುಮಗಳು ಪಿಸುಗುಟ್ಟಿದಳು. "ಶ್! ಮೂರು ದಿನಾರ ಹೋಗ್ಲಿ" ಎಂದ ಅವಳ ಗಂಡ.

ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅಡಗಿದ್ದ ಅಂದಪ್ಪ ತಲೆಯೆತ್ತಿ ನೋಡಿದ. ಹೆಗಲ ಮೇಲೆ ಮಾಮಾ, ಸುತ್ತ ಸಿಟ್ಟಿಗೆದ್ದಿದ್ದ ಬ್ಯಾಂಡಿನವರು. ಕೈಯಲ್ಲಿದ್ದ ಚಹಾದ ಬಸಿ ಜಾರಿತು. ನಡುರಸ್ತೆಗೆ ಓಡಿ ಮಂಡಿಯೂರಿ ಎದೆ ಬಡಿದುಕೊಂಡ.

"ಕೊಂದೇ ಬಿಟ್ರಲ್ಲೋ! ಮಾಮಾನ ತಪ್ಪಿಲ್ರೋ, ನಾ ಹೇಳಿದ್ದೆಲ್ಲಾ ಸುಳ್ಳು! ಸಹಿ ಇಲ್ಲ, ಗಿಹಿ ಇಲ್ಲ! ಯಾರ ಮದುವ್ಯಾಗ ಯಾವ ಬ್ಯಾಂಡರ ಬಾರಸ್ಲಿ, ಯಾರ ಮದುವಿನೂ ರದ್ದಾಗಂಗಿಲ್ಲ! ನಾ ಸುಳ್ಳಪ್ಪಾ, ಸುಳ್ಳಾ!"

ಭಾನುವಾರದ ಸಂತೆಗೆ ಬಂದ ನಾಲ್ಕು ತಾಲೂಕಿನ ಜನ ಇದನ್ನು ಕೇಳಿದರು. ದೇವೇಂದ್ರಪ್ಪ ಒಂಬತ್ತು ಮನೆಗೆ ಹೋಗಿ ಕೈ ಮುಗಿದಿದ್ದರೂ ಇಷ್ಟು ಸ್ಪಷ್ಟವಾಗಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವನಿಗೂ ಕೇಳಿಸಿತು. ಕಣ್ಣು ತೆರೆದು 'ಬದುಕೀನಿ' ಎನ್ನಬಹುದಿತ್ತು. ಆದರೆ ಹಾಡು ಮುಗಿದಿರಲಿಲ್ಲ. ಪೂರಾ ಕೇಳುವೆನೆಂದು ಕುಳಿತಿದ್ದ.

ಅಂಗಡಿಯ ಮುಂದೆ ಶಾರದವ್ವ ನಿಂತಿದ್ದಳು. ಮೊದಲು ಬ್ಯಾಂಡು ಕಂಡಿತು, ಆಮೇಲೆ ಕುರ್ಚಿ. ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ಓಣಿಯ ಹೆಂಗಸರು ಅವಳನ್ನು ಹಿಡಿಯಲು ಓಡಿ ಬಂದರು. ಯಾರೋ ಗಟ್ಟಿಯಾಗಿ ಅಳಲು ಶುರು ಮಾಡಿದರು. ಶಾರದವ್ವ ಅಳಲಿಲ್ಲ, ಮಿಸುಕಲಿಲ್ಲ, ಗಂಡನನ್ನು ನೆತ್ತಿಯಿಂದ ಕೆಳಗಿನವರೆಗೆ ನೋಡಿದಳು. ಮಾಲೆಯ ಕೆಳಗೆ ಜೋತುಬಿದ್ದ ಎಡಗಾಲಿನ ಹೆಬ್ಬೆರಳು ಡೋಲಿನ ಪೆಟ್ಟಿಗೆ ಸರಿಯಾಗಿ ಏರುತ್ತಿತ್ತು, ಇಳಿಯುತ್ತಿತ್ತು.

ಅವಳು ತಡೆಹಿಡಿದ ಉಸಿರು ಬಿಟ್ಟಳು. "ಸುಮ್ನಿರ್ರಿ" ಎಂದಳು ಅಳುವವರಿಗೆ. "ಅವರಿಗೆ ಕೇಳಸಂಗಿಲ್ಲ."

ಓಣಿ ಸುಮ್ಮನಾಯಿತು. ಹೆಂಗಸರು, ಗಾಡಿಯವರು, ಬಸ್ಸಿನವರು, ಅಂದಪ್ಪ ಕೂಡ. ಆ ಮೌನದ ನಡುವೆ ಲಾಡಸಾಬ ಕೊನೆಯ ಸುರವನ್ನು ಉದ್ದಕ್ಕೆ ಎಳೆದು, ಉಸಿರು ಇರುವಷ್ಟು ನಿಲ್ಲಿಸಿ, ಬಿಟ್ಟ. ಕುರ್ಚಿ ಕೆಳಗಿಳಿಯಿತು. ದೇವೇಂದ್ರಪ್ಪ ಕಣ್ಣು ತೆರೆದ. ಕೈ ಮುಗಿದು ನಿಂತ ಇಡೀ ಪೇಟೆ ಎರಡು ಹೆಜ್ಜೆ ಹಿಂದೆ ಸರಿಯಿತು. ಕಿರಾಣಿ ಅಂಗಡಿಯವನು ಉಳಿದರ್ಧ ಬಾಗಿಲನ್ನೂ ಎಳೆದ.

"ಚಾಚಾ" ಎಂದ ದೇವೇಂದ್ರಪ್ಪ, ಒದ್ದೆ ಕಣ್ಣಿನಲ್ಲಿ. "ಇನ್ನೊಂದು ಐತೇನ್ರಿ?"

ಲಾಡಸಾಬನನ್ನು ಐವತ್ತು ವರ್ಷದಲ್ಲಿ ಇನ್ನೊಂದು ಎಂದು ಯಾರೂ ಕೇಳಿರಲಿಲ್ಲ; ಸಾಕು ಎಂದೇ ಕೇಳಿ ರೂಢಿ. ಅಷ್ಟರಲ್ಲಿ ಶಾರದವ್ವ ಒಳಗಿನಿಂದ ಸ್ಟೂಲು ತಂದು, ಗಂಡನ ಪಕ್ಕಕ್ಕೆ ಹಾಕಿ, ಸೆರಗು ಸರಿಮಾಡಿಕೊಂಡು ಕುಳಿತಳು. ಅದನ್ನು ನೋಡಿ ಹೆಂಗಸರು ಕಟ್ಟೆಯ ಮೇಲೆ ಕುಳಿತರು. ಹಮಾಲರು ಚೀಲಗಳ ಮೇಲೆ ಕುಳಿತರು. ಹತ್ತು ಬ್ಯಾಂಡಿನವರು ತಮ್ಮ ತಮ್ಮ ಡೋಲುಗಳ ಮೇಲೆ ಕುಳಿತರು. ಕಚೇರಿಯ ಸಾಹೇಬರು ಅತ್ತಿತ್ತ ನೋಡಿ, ಸುಟ್ಟ ಮೋಟಾರೊಂದರ ಮೇಲೆ ಕುಳಿತರು. ಈ ಸಲ ಕರವಸ್ತ್ರ ಹಾಸಲಿಲ್ಲ.

ಲಾಡಸಾಬ ನೆಲಕ್ಕೆ ಕಾಲು ಗಟ್ಟಿಯಾಗಿ ಊರಿ, ಕ್ಲಾರಿಯೋನೆಟ್ಟಿನ ತುದಿಯನ್ನು ನಾಲಿಗೆಯಿಂದ ತೇವ ಮಾಡಿಕೊಂಡ. ಮುಂಡರಗಿ ಬಸ್ಸಿನ ಡ್ರೈವರ್ ಎಂಜಿನ್ ಬಂದ್ ಮಾಡಿದ.